ಎಟುಕದ ಕೊಂಬೆಯ ಹಣ್ಣು

ಜೂನ್ 9

ಪ್ರೀತಿಯ ತಂಗಿ,

ಚೆನ್ನಾಗಿದ್ದೀಯಲ್ಲವೇ? ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಸತಾಯಿಸಿದೆ, ಬೈದುಕೋ. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಮುಗಿಸುವವರೆಗೆ ತಲೆ ಎತ್ತಲು ಆಗಲಿಲ್ಲ. ಇವತ್ತು ಅಂಗಡಿಗೇ ಹೋಗಿಲ್ಲ.

ನಮ್ಮ ಹಿತ್ತಲಿನ ನೇರಳೆ ಮರ ನಿನಗೆ ಗೊತ್ತಲ್ಲ. ಮೀನಿನ ಬಲೆ ನೇಯುವುದರಲ್ಲೇ ಆಯುಷ್ಯ ಸವೆಸಿದ ನಿನ್ನ ಭಾವ ಬೀಜ ಊರಿ, ಮಗುವಿನ ಹಾಗೆ ಸಾಕಿದ ಮರ. ಕೈಗೆ ಎಟುಕಿದ ಹಣ್ಣು ನಮಗೆ, ಎಟುಕದ್ದೆಲ್ಲ ಹಕ್ಕಿ, ಅಳಿಲು, ಬಾವಲಿಗೆ. ಇದು ಇವರ ಕಾನೂನು. ನೀನು ಬಂದಾಗ ಏಣಿ ಕೇಳಿ ಬೈಸಿಕೊಂಡದ್ದು ಮರೆತಿಲ್ಲ ತಾನೇ?

ನಿನ್ನೆ ಅಂಗಡಿಯಿಂದ ಬರುವಾಗ ಕತ್ತಲಾಗಿತ್ತು, ಹಿತ್ತಲ ಕಡೆ ಹೋಗಲಿಲ್ಲ. ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದು ನೋಡುತ್ತೇನೆ, ಮರದ ತಲೆಗೆ ಯಾರೋ ಬಲೆ ಹೊದಿಸಿದ್ದರು ಕಣೇ! ಪಿಕಳಾರ ಹಕ್ಕಿಗಳು ರೆಕ್ಕೆ ಸಿಕ್ಕಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದವು. ಒಂದು ಬಾವಲಿ ಸತ್ತಿತ್ತು. ಅದರ ಎದೆ ಕಚ್ಚಿಕೊಂಡಿದ್ದ ಮರಿ ಇನ್ನೂ ಮಿಸುಕುತ್ತಿತ್ತು. ಇವರನ್ನು ಕೂಗಿ ಕರೆದೆ.

ಇವರು ನೋಡಿದವರೇ ಪಕ್ಕದ ಮನೆಗೆ ನುಗ್ಗಿದರು. ಹಕ್ಕಿಗಳು ಕಾರಿನ ಮೇಲೆಲ್ಲ ಕಲೆ ಮಾಡುತ್ತವೆಂದು ಅಲ್ಲಿನ ಡ್ರೈವರ್ ಸದಾ ಗೊಣಗುತ್ತಿರುತ್ತಾನಲ್ಲ, ಅವನ ಬನಿಯನ್ ಹಿಡಿದು, "ಕೊಲೆಗಡುಕ! ನಿನ್ನ ಕಾರಿಗೆ ಬೆಂಕಿ ಬೀಳ! ಆ ಮೂಕ ಜೀವಗಳು ನಿನಗೇನು ಮಾಡಿದ್ವೋ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಅಷ್ಟು ಬಾಯಿಜೋರಿನ ಆಸಾಮಿ ತುಟಿ ಪಿಟಕ್ಕೆನ್ನಲಿಲ್ಲ. ನಾನೇ ಇವರನ್ನು ಎಳೆದುಕೊಂಡು ಬಂದೆ. ಆಮೇಲೆ ಏಣಿ ಹತ್ತಿ, ಹೊಲಿಗೆ ಕತ್ತರಿಯಿಂದಲೇ ಬಲೆ ಕತ್ತರಿಸಿದೆ. ಎರಡು ಹಕ್ಕಿ ಹಾರಿದವು. ಬಾವಲಿ ಮರಿ ಬಟ್ಟೆ ಚೂರುಗಳ ಡಬ್ಬಿಯಲ್ಲಿ ಮಲಗಿದೆ, ಉಳಿಯುತ್ತದೋ ಇಲ್ಲವೋ.

ಮೈ ನೋಡಿಕೋ. ಮಕ್ಕಳು ನಗುನಗುತ್ತಾ ಬೆಳೆಯಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ

ಇನ್ನೊಂದು ಮಾತು: ಬರೆಯಬಾರದೆಂದಿದ್ದೆ, ತಡೆಯಲಾಗುತ್ತಿಲ್ಲ. ಬಲೆಯ ತುದಿಯನ್ನು ಕಾಂಡಕ್ಕೆ ಕಟ್ಟಿದ್ದರು. ದಾರವನ್ನು ಹಿಂದಕ್ಕೆ ಮಡಚಿ ಹಾಕುವ ಆ ಗಂಟು ಇವರದೇ, ನನಗೂ ಕಲಿಸಿಲ್ಲ. ಮಧ್ಯಾಹ್ನ ಡ್ರೈವರ್ ಹತ್ತಿರ ಹೋಗಿ ಕೇಳಿದೆ.

"ಏಣಿ ಹಿಡ್ಕೊಂಡಿದ್ದೇ ನಾನು ಅಕ್ಕಾ. ನಿನ್ನೆ ನೀವು ಅಂಗಡಿಗೆ ಹೋದ್ಮೇಲೆ ಅವರೇ ಕರೆದ್ರು. ಹಣ್ಣೆಲ್ಲ ಹಕ್ಕಿ ಪಾಲಾಗ್ತಿದೆ ಅಂದ್ರು. ಬೆಳಿಗ್ಗೆ ಅವರ ಮುಖ ನೋಡಿದೆ, ಅವರಿಗೆ ನಿಜವಾಗ್ಲೂ ನೆನಪಿಲ್ಲ. ಏನಂತ ಹೇಳ್ಲಿ?" ಎಂದ.

ಈಗ ನಿನ್ನ ಭಾವ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಕೈಯಲ್ಲಿ ದೊಣ್ಣೆ. ಬಲೆ ಕಟ್ಟಿದವನು ಮತ್ತೆ ಬಂದೇ ಬರುತ್ತಾನಂತೆ, ಹಿಡಿದೇ ತೀರುತ್ತಾರಂತೆ. ಯಾವ ಬಾಯಿಂದ ಹೇಳಲೇ?