ಗೆಲಾತಿಯಲ್ಲಿ ಹಚ್ಚಿದ ಬತ್ತಿ

ತ್ಸ್ಖಾಲ್ತುಬೊ
೧೨ ನವೆಂಬರ್ ೨೦೧೫

ಮಹಾಜನಗಳೇ! ಮುಂದಿನ ಕುರ್ಚಿಯ ದೊಡ್ಡವರೇ, ಹಿಂದಿನ ಬೆಂಚಿನ ಬಡವರೇ, ಟಿಕೆಟ್ಟಿಲ್ಲದೆ ಕಿಟಕಿಗೆ ಜೋತುಬಿದ್ದ ಪುಣ್ಯಾತ್ಮರೇ! ಭಾನುವಾರ ನನ್ನ ಮಗಳ ಅಡುಗೆಮನೆಯಲ್ಲಿ ಸೇರಿ, ಕಾಫಿ ಕುಡಿಯುತ್ತ ನನ್ನ ಪತ್ರ ಓದಿಸಿಕೊಂಡು ನಗುವ ನಮ್ಮೂರ ಹೆಂಗಸರೇ! ಸದ್ದು! ಈ ಸಲ ಆಟವಿಲ್ಲ. ಲೋಟ ಕೆಳಗಿಟ್ಟು ಎಲ್ಲರೂ ಎದ್ದು ಹೊರಗೆ ನಡೆಯಿರಿ. ಖಾತುನಾ ಒಬ್ಬಳೇ ಕೂತಿರಲಿ.

ಹೋದರೇ? ಬಾಗಿಲು ಹಾಕಿಕೋ.

ಮುದ್ದು ಮಗಳೇ ಖಾತುನಾ,

ನಿನ್ನ ಕಷ್ಟವೆಲ್ಲ ನನಗಿರಲಿ. ಬರೆಯುವುದು ತಡವಾಯಿತು, ಬೈಯಬೇಡ ತಾಯಿ. ಗೆಲಾತಿಯಿಂದ ಬಂದಿಳಿದ ಬಸ್ ನಿಲ್ದಾಣದಿಂದಲೇ ಫೋನು ಮಾಡಬಹುದಿತ್ತು. ಮಾಡಲಿಲ್ಲ. ನಾನು ನಟನಾಗಿದ್ದಾಗ ಸುಖುಮಿಯ ರಂಗಮಂದಿರದ ಕಟ್ಟಕಡೆಯ ಸಾಲಿಗೂ ಮುಟ್ಟುತ್ತಿದ್ದ ಈ ಗಂಟಲನ್ನು ನಾನು ಈಗ ನಂಬುವುದಿಲ್ಲ. ಕಾಗದಕ್ಕೆ ಗಂಟಲಿನ ಹಂಗಿಲ್ಲ.

ಇಟಲಿಗೆ ಬರುವ ವ್ಯಾನಿನಲ್ಲಿ ಅಕ್ರೋಟು, ಅಜಿಕಾ ಖಾರ ಕಳಿಸಿದ್ದೇವೆ. ನೀನು ನೋಡಿಕೊಳ್ಳುವ ಆ ಅಜ್ಜಿಯ ಕೈಗೆ ಸಿಗದಂತೆ ಇಡು. ಹೋದ ಸಲ ಜಾಮ್ ಎಂದು ಬ್ರೆಡ್ಡಿಗೆ ಸವರಿಕೊಂಡು ಆಕೆ ಕರೆದ ದೇವರುಗಳ ಹೆಸರು ನಮ್ಮ ಪಾದ್ರಿಗೂ ಗೊತ್ತಿರಲಿಲ್ಲವಂತೆ! ಇಲ್ಲಿ ಹಳೆಯ ಆರೋಗ್ಯಧಾಮದ ಕಾರಿಡಾರಿನಲ್ಲಿ ಮತ್ತೆ ಸೋರುತ್ತಿದೆ. ನಿನ್ನಮ್ಮ ಬಕೆಟ್ಟು ಇಟ್ಟಿದ್ದಾಳೆ. ಇಪ್ಪತ್ತೆರಡು ವರ್ಷದ ಹಿಂದೆ, ಯುದ್ಧದಲ್ಲಿ ಸುಖುಮಿ ಬಿಟ್ಟು ನಾವು ಇಲ್ಲಿಗೆ ಬಂದಾಗ 'ಚಳಿಗಾಲ ಕಳೀಲಿ, ವಾಪಸ್ ಹೋಗೋಣ' ಎಂದು ಕಿಟಕಿಗೆ ರಟ್ಟು ಬಡಿದಿದ್ದೆನಲ್ಲ, ಆ ರಟ್ಟು ಇನ್ನೂ ಇದೆ.

ಇನ್ನು ವಿಷಯ. ನೀನು ಹೇಳಿದಂತೆಯೇ ಮಾಡಹೊರಟೆ. ಸುಖುಮಿ ಶತ್ರುಗಳ ಕೈಗೆ ಬಿದ್ದ ದಿನ ಕಾಣೆಯಾದ ನಿನ್ನ ಅಣ್ಣ ಗೋಚಾ ಸಿಕ್ಕಿದ್ದಾನೆ. ಕಡಲದಂಡೆಯ ಗುಂಡಿಯಿಂದ ತೆಗೆದ ಮೂಳೆಗಳಲ್ಲಿ ಕೆಲವು ನನ್ನ ರಕ್ತಕ್ಕೆ ಹೊಂದಿದವು. ಇದೇ ತಿಂಗಳು, ಜಾರ್ಜ್ ಸಂತನ ಹಬ್ಬದ ಹಿಂದಿನ ದಿನ, ಗಡಿಯ ಎಂಗುರಿ ಸೇತುವೆಯ ಮೇಲೆ ಮೂಳೆಗಳ ಪೆಟ್ಟಿಗೆಗಳು ಬರುತ್ತವೆ. ಇದು ನನಗೆ ಗೊತ್ತು, ನಿನಗೆ ಗೊತ್ತು. ನಿನ್ನಮ್ಮನಿಗೆ ಗೊತ್ತಿಲ್ಲ. ನೀನು ಫೋನಿನಲ್ಲಿ ಅತ್ತೆ: "ಅಪ್ಪಾ, ಆ ಕೋಣೇಲಿ ಹೇಳ್ಬೇಡ. ಅಮ್ಮ ಆಮೇಲೆ ಆ ಗೋಡೆಗಳ ಜೊತೇಲೇ ಇರ್ಬೇಕಲ್ಲ. ಗೆಲಾತಿ ಮಠಕ್ಕೆ ಕರ್ಕೊಂಡ್ಹೋಗು. ದೇವರ ಮುಂದೆ ಹೇಳು."

ಕರೆದುಕೊಂಡು ಹೋದೆ. ಆ ಒಂದೇ ವಾಕ್ಯ ಹೇಳಬೇಕಿತ್ತು.

ಮಿನಿಬಸ್ಸಿನ ಉದ್ದಕ್ಕೂ, ಗುಡ್ಡದ ಮೇಲೆ ಯಾವ ಚರ್ಚಿನ ಶಿಖರ ಕಂಡರೂ ನಿನ್ನಮ್ಮ ಮೂರು ಸಲ ಶಿಲುಬೆ ಗುರುತು ಮಾಡಿಕೊಂಡಳು. ತಿರುವಿನಲ್ಲಿ ಚಾಲಕ ಎರಡೂ ಕೈ ಬಿಟ್ಟು ತಾನೂ ಮಾಡಿಕೊಂಡ. "ನೀನು ಸ್ಟೀರಿಂಗ್ ಹಿಡ್ಕೋಪ್ಪ, ನಿನ್ ಪಾಲಿಂದೂ ನಾನೇ ಮಾಡ್ತೀನಿ" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಈ ನಗುವಿನ ನಡುವೆ ಹೇಗೆ ಹೇಳಲಿ? ಇಳಿದ ಮೇಲೆ ಹೇಳೋಣವೆಂದುಕೊಂಡೆ.

ಮಠದ ದಕ್ಷಿಣದ ಬಾಗಿಲಲ್ಲಿ ದಾವೀದ್ ಮಹಾರಾಜನ ಗೋರಿಯ ಚಪ್ಪಡಿ. ಒಳಗೆ ಬರುವವರೆಲ್ಲ ನನ್ನ ಎದೆ ತುಳಿದೇ ಬರಲಿ ಎಂದು ಬೇಡಿ ಮಲಗಿದ ರಾಜ. ಅವನನ್ನು ತುಳಿಯದೆ ಪಕ್ಕಕ್ಕೆ ಸರಿದು, ಗೋಡೆಗೆ ಮೈಯುಜ್ಜಿ ನಡೆಯುವ ಪ್ರಜೆಗಳು ನಾವು. ಅಲ್ಲಿ ನಿಂತು ಬಾಯಿ ತೆರೆದೆ. "ಲಮಾರಾ, ಒಂದು ಮಾತು..."

"ತುಳಿಯೋ ಮಾರಾಯ, ಪಾಪ" ಎಂದಳು ಅವಳು. "ಅಷ್ಟು ವರ್ಷ ನಾಟಕದಲ್ಲಿ ಅವನ ಕಿರೀಟ ಹಾಕ್ಕೊಂಡು ಮೆರ್ದೆ. ಅವನು ಕೇಳಿದ್ದು ಇದೊಂದೇ, ಅದನ್ನೂ ಯಾರೂ ಮಾಡಲ್ಲ. ನಮ್ಮೋರು ಹಾಗೇ ಗುರಾಮ್. ರಾಜ್ರನ್ನ ತಲೆ ಮೇಲೆ ಹೊತ್ಕೋತಾರೆ, ಮಾತ್ ಮಾತ್ರ ಕೇಳಲ್ಲ."

ನಾನೂ ಪಕ್ಕದಿಂದಲೇ ನಡೆದೆ.

ಒಳಗೆ ಗೋಡೆಯ ಮೇಲೆ ಹೊನ್ನಿನ ಹರಳು ಕೂರಿಸಿದ ಚಿತ್ರದಲ್ಲಿ ದೇವಮಾತೆ, ಎದೆಗೊತ್ತಿ ಹಿಡಿದ ಮಗು. ಅದರ ಕೆಳಗೆ ನಿನ್ನಮ್ಮ ತಲೆವಸ್ತ್ರ ಸರಿಮಾಡಿಕೊಂಡು, ದೇವರೊಡನೆ ಅಲ್ಲ, ಪಕ್ಕದ ಮನೆಯವಳೊಡನೆ ಎಂಬಂತೆ ಪಿಸುಗುಟ್ಟುತ್ತ ನಿಂತಳು. ನಾನು ಮತ್ತೆ ಶುರುಮಾಡಿದೆ. "ಲಮಾರಾ, ಆಫೀಸಿನವರು, ಆ ಸೇತುವೆ ಕಡೆಯವರು..."

"ಮೂಳೆ ಹುಡುಕೋರಾ?" ಅವಳು ತಿರುಗಲೂ ಇಲ್ಲ. "ತಮಾರ್ ರಾಣಿ ಇಲ್ಲೇ ಎಲ್ಲೋ ಮಲಗಿದಾಳೆ ಅಂತಾರೆ. ಯಾವ್ ಕಲ್ಲಿನ ಕೆಳ್ಗೆ? ಯಾರಿಗಾದ್ರೂ ಗೊತ್ತಾ? ಗೋರಿ ಸಿಗ್ದಿದ್ದಕ್ಕೇ ಅವಳು ಇವತ್ತಿಗೂ ನಮ್ಮೆಲ್ಲರ ಮನೇಲಿದಾಳೆ. ಸಿಕ್ಕಿದ್ರೆ ಒಂದು ಕಲ್ಲು, ಅಷ್ಟೇ. ಆ ಜನಕ್ಕೆ ಹೇಳು, ನನ್ನ ಮಗನ್ನ ಹುಡುಕ್ಬೇಡಿ ಅಂತ."

ಮಗಳೇ, ರಂಗದ ಮೇಲೆ ಮಾತು ಮರೆತರೆ ಪರದೆಯ ಹಿಂದಿನಿಂದ ಒಬ್ಬ ಎತ್ತಿಕೊಡುತ್ತಿದ್ದ. ನಾನು ಮಾತು ಮರೆತಿರಲಿಲ್ಲ. ಒಂದೊಂದು ಅಕ್ಷರವೂ ನಾಲಗೆಯ ಮೇಲಿತ್ತು. ನಾಲಗೆಯೇ ಇರಲಿಲ್ಲ.

ಬಾಗಿಲ ಬಳಿ ಮೇಣದಬತ್ತಿ ಮಾರುವ ಮಕ್ವಾಲಾ ನನ್ನ ಗುರುತು ಹಿಡಿದಳು. ಯಾವಾಗಲೋ ಶಾಲೆಯಲ್ಲಿ ಆಡಿದ ನಾಟಕದಲ್ಲಿ ನನ್ನ ದಾವೀದನ ಪಾತ್ರ ನೋಡಿದ್ದಳಂತೆ. "ಓಹೋ, ಮಹಾರಾಜ್ರು! ಕುದುರೆ ಎಲ್ಲಿ ಕಟ್ಟಿದ್ರಿ?"

"ಮಿನಿಬಸ್ಸಿಗೆ ಕಟ್ಟಿದೀನಿ ತಾಯಿ. ಹುಲ್ಲು ಹಾಕ್ಸು."

ಅದಕ್ಕೆ ಮಾತ್ರ ನಾಲಗೆ ಬಂತು ನೋಡು!

ನಿನಗೆ ಗೊತ್ತಲ್ಲ, ಬತ್ತಿ ಒಂದೇ, ನಿಲ್ಲಿಸುವ ಜಾಗ ಬೇರೆ. ಬದುಕಿರುವವರದು ಮೇಲೆ, ಸಂತರ ಪಟದ ಮುಂದಿನ ಎತ್ತರದ ಹಿತ್ತಾಳೆಯಲ್ಲಿ. ಹೋದವರದು ಕೆಳಗೆ, ಮರಳಿನ ತೊಟ್ಟಿಯಲ್ಲಿ. ಬದುಕಿದವನ ಬತ್ತಿ ಕೆಳಗೆ ನೆಟ್ಟರೆ ಸಾವನ್ನು ಕರೆದಂತೆ. ಗೋಚಾನ ಬತ್ತಿ ಇಷ್ಟು ವರ್ಷ ಮೇಲೆಯೇ ಉರಿದಿದೆ. ಮರಳಿನ ತೊಟ್ಟಿಯ ಹತ್ತಿರ ನಮ್ಮ ಸುಖುಮಿಯ ಹೆಂಗಸೊಬ್ಬಳು ಮೊಣಕಾಲೂರಿದ್ದಳು. ನಿನ್ನಮ್ಮ ಅವಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಂದು, ತುದಿಗಾಲಲ್ಲಿ ನಿಂತು, ಬತ್ತಿಯನ್ನು ಮೇಲೆಯೇ ನಿಲ್ಲಿಸಿದಳು. ಕೈ ಎಟುಕದೆ ಅಲುಗಾಡಿದಾಗ ಮೊಣಕೈಗೆ ನಾನೇ ಆಸರೆ ಕೊಟ್ಟೆ.

ಹೇಳಲಿಲ್ಲ. ಅಂಗಳದಲ್ಲೂ ಹೇಳಲಿಲ್ಲ. ಕಲ್ಲುಕಟ್ಟೆಯ ಮೇಲೆ ಕೂತು ಅವಳು ಮೆಕ್ಕೆಜೋಳದ ರೊಟ್ಟಿ ಮುರಿದು ಗಿಣ್ಣಿನೊಡನೆ ಕೊಟ್ಟಳು; ತಿಂದೆ. ಹಿಂದಿರುಗುವಾಗ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ರಾಜರು ಮಲಗಿದ ಗುಡ್ಡ ಹಿಂದೆ ಸರಿಯಿತು. ಅಷ್ಟು ಶತಮಾನಗಳಿಂದ ನಿಂತ ಆ ಗೋಡೆಗಳು ಎಷ್ಟು ಪಟ್ಟಾಭಿಷೇಕ, ಎಷ್ಟು ಸೋಲು ನೋಡಿವೆಯೋ! ಒಬ್ಬ ಮುದುಕನಿಗೆ ಒಂದು ವಾಕ್ಯದ ಬಲ ಕೊಡಲಿಲ್ಲ. ಅವುಗಳನ್ನು ಬೈದು ಏನು ಬಂತು, ಮಗಳೇ. ದೇವರ ಮುಂದೆಯೂ ಹೇಳಲಾಗದ್ದನ್ನು ಇನ್ನೆಲ್ಲಿ ಹೇಳಲಿ?

ನೀನು ಹೊಟ್ಟೆ ತುಂಬ ಉಣ್ಣು. ಬೆಚ್ಚಗಿನ ಬೂಟು ತೆಗೆದುಕೋ. ದೇವಮಾತೆ ನಿನ್ನನ್ನು ಸೆರಗಿನಲ್ಲಿಟ್ಟು ಕಾಯಲಿ. ನನ್ನ ಆಯಸ್ಸಿನಲ್ಲಿ ಉಳಿದದ್ದೆಲ್ಲ ನಿನಗೇ ಸೇರಲಿ, ನನಗದು ಬೇಡವಾಗಿದೆ.

ನಿನ್ನ ಅಪ್ಪ,
ಗುರಾಮ್ ಶೋನಿಯಾ

ಮರೆತ ಮಾತು: ಮರೆತದ್ದಲ್ಲ, ಖಾತುನಾ. ಮೇಲೆ ಬರೆಯಲು ಧೈರ್ಯವಾಗಲಿಲ್ಲ. ನಿನ್ನಮ್ಮ ಬತ್ತಿಯನ್ನು ತಾನಾಗಿ ಮೇಲೆ ಇಡಲಿಲ್ಲ. ಮರಳಿನ ತೊಟ್ಟಿಯ ಆ ಹೆಂಗಸನ್ನು ನೋಡಿ ಬಂದವಳೇ ಉರಿಯುವ ಬತ್ತಿ ಹಿಡಿದು ನನ್ನ ಮುಂದೆ ನಿಂತಳು. "ನಂಗೆ ಸಾಕಾಯ್ತು ಗುರಾಮ್. ಇವತ್ತು ನೀನೇ ಹೇಳು. ಮೇಲೋ, ಕೆಳಗೋ? ನೀನು ಎಲ್ಲಿ ಅಂದ್ರೆ ಅಲ್ಲಿ. ಅಳಲ್ಲ" ಎಂದಳು. ಅವಳೇ ಬಾಗಿಲು ತೆರೆದಿದ್ದಳು, ಮಗಳೇ; ನಾನು ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಆಗ ಬಂತು ನನ್ನ ದನಿ! ಗುಮ್ಮಟ ಮೊಳಗುವಂತೆ, ಮಕ್ವಾಲಾ ಬೆಚ್ಚುವಂತೆ, ದಾವೀದ್ ಮಹಾರಾಜನ ದನಿಯಲ್ಲಿ ಅಂದೆ: "ಮೇಲೆ!"

ಈಗ ಅವಳು ಕಾರಿಡಾರಿನ ಬಾಗಿಲು ಬಾಗಿಲಿಗೂ ಹೋಗಿ, "ಗುರಾಮನೇ ಹೇಳ್ದ, ಅವನಿಗೆ ಏನೋ ಸುದ್ದಿ ಇರ್ಬೇಕು" ಎಂದು ಸಾರುತ್ತಿದ್ದಾಳೆ. ಗೋಚಾನಿಗೆಂದು ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.

ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಆಗಿಹೋಗಿರುತ್ತದೆ. ನಾಳೆ ಬೆಳಿಗ್ಗೆ, ಅವಳು ಒಲೆ ಹಚ್ಚುವ ಮೊದಲೇ, ಮಂಚದ ಅಂಚಿನಲ್ಲಿ ಕೂತು ಹೇಳುತ್ತೇನೆ: ಲಮಾರಾ, ಗೋಚಾ ಸತ್ತಿದ್ದಾನೆ, ನೀನು ಕೇಳಿದಾಗ ನನಗೆ ಗೊತ್ತಿತ್ತು.