ಕೊನೆಯ ಸಾಲಿನ ಚುಕ್ಕೆಗಳು

ಜೂನ್ ೫, ಗುರುವಾರ

‘ಅಂಗೈಯಷ್ಟು ಬೆಳಗು ಸಾಕಿತ್ತು…’ ಸಾಕಿತ್ತೋ, ಬೇಕಿತ್ತೋ? ಎಂ.ಎ. ಓದುವಾಗ ಬಾಯಿಪಾಠವಿದ್ದ ಸಾಲು. ಒಂದು ಅಕ್ಷರಕ್ಕೆ ಎಷ್ಟು ದೂರ! ಮೇಷ್ಟ್ರನ್ನು ಕೇಳಿದೆ. “ಸಾಕು ಅನ್ನೋರು ಕವಿತೆ ಯಾಕೆ ಬರೀತಾರಮ್ಮ?” ಅಂದು ನಕ್ಕರು.

ಅಂಧರ ಕೇಂದ್ರದ ಪರವಾಗಿ ಅವರ ಮನೆಗೆ ಹೋಗಿ ಓದಿ ಹೇಳುವುದು ಇದು ನಾಲ್ಕನೆಯ ವರ್ಷ. ಗುರುವಾರ ನನ್ನದು. ಸೋಮವಾರ, ಈ ವರ್ಷದಿಂದ, ಬ್ಯಾಂಕಿನ ಹುಡುಗಿಯದು. ಕೌಂಟರಿನಲ್ಲಿ ಟೋಕನ್ ನಂಬರು ಕೂಗಿದ ಹಾಗೆ ಓದುತ್ತಾಳೆ. ಬಾಗಿಲ ಹೊರಗೆ ನಿಂತು ನಾನೇ ಕೇಳಿದ್ದೇನೆ. (ನಿಂತದ್ದೇಕೆ? ಇರಲಿ.)

ಇವತ್ತು ಮೇಷ್ಟ್ರ ತೊಡೆಯ ಮೇಲೆ ಒಂದು ದಪ್ಪ ಹಾಳೆ. ಬ್ರೈಲ್. ಬೆರಳು ಓಡಿಸುತ್ತ ಒಬ್ಬರೇ ನಗುತ್ತಿದ್ದರು. ಆ ಹುಡುಗಿ ಮೂರೇ ತಿಂಗಳಲ್ಲಿ ಕಲಿತು ಬರೆದದ್ದಂತೆ.

“ಏನಂತೆ?”

“ಏನಿಲ್ಲ ಬಿಡಮ್ಮ, ಹುಡುಗಾಟ.”

ನಾಲ್ಕು ವರ್ಷ ಗಂಟಲು ಹರಿದುಕೊಂಡವಳು ನಾನು. ನಗು ಅವಳಿಗೆ.

ಜೂನ್ ೧೭, ಮಂಗಳವಾರ

ಕೇಂದ್ರದಲ್ಲಿ ಬ್ರೈಲ್ ತರಗತಿಗೆ ಸೇರಿದ್ದೇನೆ. ಮನೆಯಲ್ಲಿ ಇವರು, “ನಲವತ್ತೆಂಟಕ್ಕೆ ಒಂದನೇ ಕ್ಲಾಸಾ?” ಅಂದರು.

ಕಲಿಸುವಾಕೆಗೆ ಹುಟ್ಟಿನಿಂದ ಕಣ್ಣು ಕಾಣದು. ಹತ್ತೇ ನಿಮಿಷಕ್ಕೆ ನನ್ನನ್ನು ಹಿಡಿದಳು. “ಅಕ್ಕಾ, ಕದ್ದು ನೋಡ್ತಿದೀರಿ. ತಲೆ ಬಗ್ಗಿಸಿದ್ರೆ ಧ್ವನಿ ಮೇಜಿಗೆ ಬಡಿಯುತ್ತೆ.”

ಐದು ಅಕ್ಷರ ಬಂತು. ಬೆರಳಿಗಲ್ಲ, ಕಣ್ಣಿಗೆ.

ಜೂನ್ ೧೯, ಗುರುವಾರ, ಸಂಜೆ ೬

ಭಾನುವಾರ ಕೇಂದ್ರದ ವಾರ್ಷಿಕೋತ್ಸವ. ಮೇಷ್ಟ್ರು ವೇದಿಕೆಯ ಮೇಲೆ ಬೆರಳಿನಿಂದಲೇ ಕವಿತೆ ಓದುತ್ತಾರೆ. ಕಣ್ಣು ಹೋದ ಹನ್ನೊಂದು ವರ್ಷದಲ್ಲಿ ಮೊದಲ ಸಲ. ಎರಡು ತಿಂಗಳ ಅಭ್ಯಾಸ. ಸಂಜೆ ನಾಲ್ಕಕ್ಕೆ. ಕರೆದೊಯ್ಯುವವಳು ನಾನು — ಬ್ಯಾಂಕಿನವಳು ತರಬೇತಿಗೆಂದು ಬೇರೆ ಊರಿಗೆ ಹೋದಳು. ಒಳ್ಳೆಯದೇ ಆಯಿತು.

ಹೋಗುವ ಮುನ್ನ ಬಾಗಿಲ ಸಂದಿಯಲ್ಲಿ ಇನ್ನೊಂದು ಹಾಳೆ ತೂರಿಸಿ ಹೋಗಿದ್ದಾಳೆ. “ಆಮೇಲೆ ನಿಧಾನಕ್ಕೆ ಓದ್ಕೋತೀನಿ” ಅಂದರು ಮೇಷ್ಟ್ರು, ಮಗು ಮಿಠಾಯಿ ಎತ್ತಿಟ್ಟುಕೊಂಡ ಹಾಗೆ. ಕಾಫಿ ಮಾಡಲು ಒಳಗೆ ಹೋದರು.

ಕೊನೆಯ ಸಾಲಿನ ಮೇಲೆ ಹೆಬ್ಬೆರಳಿನ ಉಗುರು ಇಟ್ಟೆ. ಒತ್ತಿ ಎಳೆದೆ. ಚುಕ್ಕೆಗಳು ಮಲಗಿಬಿಟ್ಟವು. ‘ನಿಮ್ಮ ಪ್ರೀತಿಯ’ ಅಂತೇನಾದರೂ ಇದ್ದಿರಬೇಕು. ಅಷ್ಟೇ ತಾನೇ…

ಕಾಫಿ ಚೆನ್ನಾಗಿತ್ತು. ಪೂರ್ತಿ ಕುಡಿದೆ.

ಜೂನ್ ೨೨, ಭಾನುವಾರ

ಹಾಲ್ ಖಾಲಿ. ಕಾವಲುಗಾರ ಕುರ್ಚಿ ಜೋಡಿಸಿಡುತ್ತಿದ್ದ.

“ಬೆಳಗ್ಗೆ ಹತ್ತಕ್ಕೆ ಶುರುವಾಗಿ ಮುಗಿದೇಹೋಯ್ತಲ್ಲ ಸಾರ್! ಟೈಮ್ ಬದಲಾಯ್ತು. ಬ್ಯಾಂಕ್ ಮೇಡಮ್ಮು ನಿಮಗೆ ಚೀಟಿ ಬರೆದಿಟ್ಟಿದೀನಿ ಅಂದಿದ್ರು. ಆಫೀಸಿನೋರು ಮೂರು ಸಲ ಫೋನೂ ಮಾಡಿದ್ರು.”

ಬೆಳಗ್ಗೆಯಿಡೀ ಫೋನ್ ಆಫ್ ಮಾಡಿಟ್ಟು ಅಭ್ಯಾಸ ಮಾಡಿದ್ದರು ಮೇಷ್ಟ್ರು.

ವೇದಿಕೆಯ ಅಂಚನ್ನು ಒಮ್ಮೆ ಮುಟ್ಟಿ ನೋಡಿದರು. “ಹಾಳೆಯ ಕೊನೇ ಸಾಲು ನಂಗೆ ಸಿಗಲಿಲ್ಲ. ಸವೆದುಹೋಗಿತ್ತು.”

“ಹೌದಾ?” ಅಂದೆ.

ಬಸ್ಸಿನಲ್ಲಿ ಕೈ ಹಿಡಿಯಹೋದೆ. ಕಂಬಿ ಹಿಡಿದುಕೊಂಡರು.

ಜುಲೈ ೬, ಭಾನುವಾರ

ಎರಡು ಗುರುವಾರ ಹೋಗಲಿಲ್ಲ. ನೆಗಡಿ ಅಂತ ಕೇಂದ್ರಕ್ಕೆ ಹೇಳಿದೆ. ಅವಳು ವಾಪಸು ಬಂದಿದ್ದಾಳಂತೆ. ನನ್ನ ಗುರುವಾರವೂ ಅವಳೇ ಓದಿದಳಂತೆ.

ಕೇಳಿದೊಡನೆ ಮೈ ಉರಿಯಿತು. ಇಷ್ಟು ದಿನ ಒಳಗೆ ಸುಡುತ್ತಿದ್ದದ್ದು ನಾಚಿಕೆ ಅಂದುಕೊಂಡಿದ್ದೆ. ನಾಚಿಕೆಯೂ ಇದೆ. ಆದರೆ ಹೊಟ್ಟೆಕಿಚ್ಚು ಅದರ ಪಕ್ಕದಲ್ಲೇ ಕಾಲು ಚಾಚಿ ಕೂತಿದೆ. ಇಷ್ಟೆಲ್ಲ ಆದ ಮೇಲೂ.

ಜುಲೈ ೯, ಬುಧವಾರ, ಬೆಳಗ್ಗೆ ೧೧

ಮೇಷ್ಟ್ರ ಪಕ್ಕದ ಮನೆಯ ಟೈಲರಮ್ಮ ಬಂದಿದ್ದರು. ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು. ಒಳಗೆ ಬನ್ನಿ ಅಂದರೂ ಬರಲಿಲ್ಲ, ಬಾಗಿಲಲ್ಲೇ ನಿಂತರು.

“ನಾಳೆ ಗುರುವಾರ ಅಲ್ವಾ, ಬರಲೇಬೇಕಂತೆ ನೀವು. ಮೇಷ್ಟ್ರು ಹೇಳಿ ಕಳಿಸಿದ್ರು. ಬರೋವಾಗ ಉಗುರು ಕತ್ತರಿಸ್ಕೊಂಡು ಬರಬೇಕಂತೆ. ಯಾಕೋ ಏನೋ, ನಂಗಂತೂ…”