ಕ್ಲಚ್ ಎಟುಕುವಷ್ಟು ಎತ್ತರ

ಡಿಸೆಂಬರ್ 14, ಬೆಳಿಗ್ಗೆ

ಸಾರಿ, ಲ್ಯಾಬ್ ರೆಕಾರ್ಡ್. ನಿನ್ನ ಕೊನೆಯ ಹಾಳೆಗಳಲ್ಲಿ ಇದನ್ನೆಲ್ಲ ಗೀಚಬಾರದು, ಗೊತ್ತು. ರಜೆಗೆ ಮನೆಗೆ ಬರುವಾಗ ಬೇರೆ ಪುಸ್ತಕ ತಂದಿಲ್ಲ. ಬರೆಯದಿದ್ದರೆ ತಲೆ ನಿಲ್ಲುವುದಿಲ್ಲ.

ಇವತ್ತೂ ಅಮ್ಮನ ಪಕ್ಕ ಕೂತು ಮೈದಾನದಲ್ಲಿ ಮೂರು ಸುತ್ತು. ಕಾರು ನನಗಿಂತ ನಾಲ್ಕು ವರ್ಷ ದೊಡ್ಡದು. ಡ್ರೈವರ್ ಸೀಟು ಅಪ್ಪನ ಆಕಾರಕ್ಕೆ ಕುಸಿದು ಗುಂಡಿಯಾಗಿದೆ. ಅಮ್ಮನಿಗೆ ಬಾನೆಟ್ ಸರಿಯಾಗಿ ಕಾಣುವುದಿಲ್ಲ, ಬರೀ ಆಕಾಶ. ಲೈಸೆನ್ಸ್ ಟೆಸ್ಟಿನಲ್ಲಿ ಎರಡು ಸಲ ಫೇಲ್, ಎರಡು ಸಲವೂ ಕಂಬ ಬೀಳಿಸಿ. ಮೂರನೆಯದು 23ಕ್ಕೆ. ಅಪ್ಪನ ಕಣ್ಣು ಮಂಜಾದ ಮೇಲೆ ಮನೆಯಲ್ಲಿ ಓಡಿಸುವವರಿಲ್ಲ.

"ಹೊಸ ಫೋಮ್ ನಾನೇ ಹಾಕ್ತೀನಿ," ಅಂದುಬಿಟ್ಟೆ. ಯಾಕೋ. ಎಂಟು ವರ್ಷ ಹಾಸ್ಟೆಲ್... ಈ ಮನೆಯಲ್ಲಿ ಒಂದು ಬಲ್ಬನ್ನೂ ಬದಲಿಸಿದವಳಲ್ಲ.

ಅಪ್ಪ: "ಹುಷಾರು. ಆ ಗುಂಡಿ ನನ್ನ ಇಪ್ಪತ್ತು ವರ್ಷದ ತಪಸ್ಸು."

ಡಿಸೆಂಬರ್ 17

ವಿಡಿಯೋದಲ್ಲಿ ಇಪ್ಪತ್ತು ನಿಮಿಷದ ಕೆಲಸ. ನನಗೆ ಎರಡು ದಿನ. ನೆಲಕ್ಕೆ ನಾಲ್ಕು ಬೋಲ್ಟ್. ಒಂದೊಂದಕ್ಕೂ ಅಳು ಬಂತು. ಸೀಟು ಹೊರಗೆ ಬಂತು.

ಕವರ್ ಎಳೆದರೆ ಗುಂಡಿಯಲ್ಲಿ ಮಡಚಿಟ್ಟ ಬೆಡ್‌ಶೀಟ್. ಮೂಲೆಯಲ್ಲಿ ಮಾರ್ಕರಿನ 114. ಶಾಲೆಯ ಹಾಸ್ಟೆಲಿನಲ್ಲಿ ನನ್ನ ಲಾಂಡ್ರಿ ನಂಬರ್.

"ಇದನ್ನ ಯಾಕಮ್ಮಾ ಇಟ್ಕೊಂಡಿದ್ದೀಯಾ?"

"ಎಸೆಯೋಕೆ ಮನಸ್ಸು ಬರಲಿಲ್ಲ. ಕೂರೋಕಾದ್ರೂ ಆಯ್ತು, ಬಿಡು."

ಅದನ್ನು ಒಗೆಯಲು ಹಾಕಿದೆ.

ಡಿಸೆಂಬರ್ 20, ಸಂಜೆ

ಹೊಸ ಫೋಮ್ ಒಳಗೆ. ಅಮ್ಮ ಹತ್ತಿ ಕೂತಳು. ತಲೆ ಕಾರಿನ ಮಾಡಿಗೆ ತಾಗುತ್ತಿದೆ. ಕಾಲು ಕ್ಲಚ್ಚಿಗೆ ಎಟುಕುತ್ತಿಲ್ಲ.

"ಮೊದಲು ಆಕಾಶ ಕಾಣ್ತಿತ್ತು ಕಣೇ. ಈಗ ಆಕಾಶದಲ್ಲೇ ಇದ್ದೀನಿ."

ನಗು ಬರಲಿಲ್ಲ. ಟೆಸ್ಟಿಗೆ ಮೂರೇ ದಿನ. ಹೇಗೋ ಅಭ್ಯಾಸವಾಗಿದ್ದದ್ದನ್ನೂ ಕೆಡಿಸಿಟ್ಟೆ.

ಡಿಸೆಂಬರ್ 21

ಸೀಟು ಮತ್ತೆ ಹೊರಗೆ. ಬ್ರೆಡ್ ಕೊಯ್ಯುವ ಚಾಕುವಿನಲ್ಲಿ ಫೋಮ್ ಕೊಯ್ದೆ. ಟೈಲರ್ ಮುಂದೆ ನಿಂತವರ ಹಾಗೆ ಅಮ್ಮ: "ಇನ್ನೊಂದು ಬೆರಳು ಇಳಿಸು." ಕೈ ಜಾರಿ ಎರಡು ಬೆರಳಷ್ಟು ಫೋಮ್ ಹೋಯಿತು. ಮತ್ತೆ ತಗ್ಗು.

ಅಮ್ಮ ಒಳಗೆ ಹೋಗಿ 114 ತಂದಳು. ಒಂದೇ ಮಡಿಕೆ ಹಾಸಿ, ಸೀಟನ್ನು ಒಳಗಿಟ್ಟು ಕೂತಳು. ಕ್ಲಚ್ಚೂ ಎಟುಕಿತು, ಬಾನೆಟ್ಟೂ ಕಂಡಿತು.

ಕೊನೆಗೆ ಬಿಗಿಯೋಣವೆಂದರೆ ಬೋಲ್ಟ್ ಹಾಕಿದ್ದ ಬಟ್ಟಲ ಮೇಲೆ ಅಮ್ಮನ ಕಣ್ಣು ಬಿತ್ತು. "ಊಟದ ಬಟ್ಟಲೇ ಬೇಕಿತ್ತಾ ನಿಂಗೆ? ಕೊಡು ಇಲ್ಲಿ." ಬೋಲ್ಟ್‌ಗಳನ್ನು ಜೇಬಿಗೆ ಸುರಿದುಕೊಂಡೆ. ಬಗ್ಗಿ ಬಗ್ಗಿ ಸೊಂಟ ಬಿತ್ತು. ಬಿಗಿದೆ, ಮ್ಯಾಟ್ ಮುಚ್ಚಿದೆ, ಮುಗಿಯಿತು.

"ಒಂದ್ಸಲ ಅಲುಗಾಡಿಸಿ ನೋಡಮ್ಮಾ."

"ನೀನೇ ಬಿಗಿದಿದ್ದು ತಾನೇ? ಸಾಕು."

ಈ ಮನೆಯಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಹೇಳುವಂಥದ್ದು ನಾನೇನು ಮಾಡಿದ್ದೆ...

ಡಿಸೆಂಬರ್ 23, ಹಾಸ್ಟೆಲ್, ಬೆಳಿಗ್ಗೆ 9.40

ನಿನ್ನೆ ಇಡೀ ದಿನ ಬಸ್ಸು. ಈಗ ಬಟ್ಟೆ ನೆನೆಸುವ ಮೊದಲು ಜೀನ್ಸ್ ಜೇಬು ತಡವಿದೆ. ಒಂದು ಬೋಲ್ಟ್.

ಮೂರೇ ಬಿಗಿದಿದ್ದೇನೆ. ಬಲಗಡೆ ಹಿಂದಿನದು — ಮ್ಯಾಟ್ ಕೆಳಗೆ ಖಾಲಿ ತೂತು.

ಟೆಸ್ಟ್ ಹತ್ತೂವರೆಗೆ. ಅಮ್ಮನ ಫೋನ್ ರಿಂಗಾಗುತ್ತಿದೆ, ಎತ್ತುತ್ತಿಲ್ಲ. ಬ್ಯಾಗಿನ ತಳದಲ್ಲಿರುತ್ತದೆ. ಅಪ್ಪನದು ಸ್ವಿಚ್ ಆಫ್. ನಾಲ್ಕು ಸಲ ಮಾಡಿದೆ.

ಮೂರು ಸಾಕಾಗಬಹುದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದೆಯೂ ಇರಬಹುದು. ಆದರೆ ಅಮ್ಮ ಅಲುಗಾಡಿಸಿ ನೋಡುವುದಿಲ್ಲ. ನಾನು ಬಿಗಿದದ್ದಲ್ಲವೇ.

ಕಳಿಸಿದ್ದು ಇಷ್ಟು:

"ಅಮ್ಮಾ, ಕಾರು ತೆಗೀಬೇಡ. ಸೀಟಿನ ಒಂದು ಬೋಲ್ಟ್ ನನ್ನ ಜೇಬಲ್ಲೇ ಉಳಿದಿದೆ, ನಂದೇ ತಪ್ಪು. ಟೆಸ್ಟ್ ಮುಂದಕ್ಕೆ ಹೋದ್ರೂ ಹೋಗ್ಲಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ. ಈಗ ಬೇಗ ರಿಪ್ಲೈ ಮಾಡು."